ಪುಕ್ಕದ ಬಣ್ಣ ಮತ್ತು ನಸಲಿನ ಮಾತು

ಭಾನುವಾರ ಬೆಳಿಗ್ಗೆ ಸುಂಕದಕಟ್ಟೆಯ ಯಾವ ಕೋಳಿ ಅಂಗಡಿಯ ಮುಂದೆ ನಿಂತರೂ ಎರಡು ಬಗೆಯ ಪಂಜರಗಳು ಕಾಣಸಿಗುತ್ತವೆ. ಒಂದರಲ್ಲಿ ಬಿಳಿ ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ಇನ್ನೊಂದರಲ್ಲಿ ಕೆಂಪು, ಕಂದು, ಕಪ್ಪು, ಚುಕ್ಕೆಯ ಕೋಳಿಗಳು. ಬಿಳಿಯದಕ್ಕೆ ‘ಫಾರಂ’ ಎಂದು ಹೆಸರು, ಬಣ್ಣದ್ದಕ್ಕೆ ‘ನಾಟಿ’ ಎಂದು. ಬೆಲೆಯಲ್ಲಿ ಅಜಗಜಾಂತರ. ಗಿರಾಕಿ ಬಣ್ಣ ನೋಡಿ ಹಣ ಎಣಿಸುತ್ತಾನೆ. ಹತ್ತು ನಿಮಿಷದೊಳಗೆ ಆ ಬಣ್ಣ ಬಿಸಿನೀರಿನಲ್ಲಿ ನೆನೆದು ಕಸದ ಬುಟ್ಟಿಗೆ ಬೀಳುತ್ತದೆ. ಅವನು ಮನೆಗೆ ಒಯ್ಯುವುದು ಪುಕ್ಕವೇ ಇಲ್ಲದ ಮಾಂಸವನ್ನು. ಊರಿನ ಹೆಸರಿನಲ್ಲೇ ಸುಂಕ ಇರುವಾಗ ಬಣ್ಣಕ್ಕೂ ಒಂದು ಸುಂಕ ಇರಲಿ ಎಂದು ತಮಾಷೆ ಮಾಡಬಹುದು. ಆದರೆ ಈ ಸುಂಕವನ್ನು ನಾವು ಬರೀ ಕೋಳಿ ಅಂಗಡಿಯಲ್ಲಿ ಮಾತ್ರ ಕಟ್ಟುತ್ತಿಲ್ಲ. ಈ ಲೇಖನ ಬರೆಯಬೇಕೆನಿಸಿದ್ದು ಆ ಕಾರಣಕ್ಕೆ.

ಅಂಗಡಿಯ ಬಿಳಿ ಕೋಳಿ ತಾನಾಗಿ ಬಿಳಿಯಾದದ್ದಲ್ಲ, ಅದನ್ನು ಬೇಕೆಂದೇ ಬಿಳಿ ಮಾಡಿದ್ದಾರೆ. ಬಣ್ಣದ ಕೋಳಿಯ ಪುಕ್ಕ ಕಿತ್ತಾಗ ಚರ್ಮದಲ್ಲಿ ಉಳಿಯುವ ಎಳೆಗರಿಗಳ ಬುಡ ಕಪ್ಪು ಚುಕ್ಕೆಯಂತೆ ಕಾಣುತ್ತದೆ. ಮಾಂಸ ಕೊಳ್ಳುವವನಿಗೆ ಅದು ಹಿಡಿಸುವುದಿಲ್ಲ. ಬಿಳಿ ಗರಿಯಾದರೆ ಗುರುತು ಕಾಣದು. ಹೀಗೆ ಮಾಂಸದ ಕೋಳಿಯ ತಳಿಗಾರರು ಪ್ರಪಂಚದಾದ್ಯಂತ ಬಿಳಿಯನ್ನೇ ಆರಿಸಿದರು. ಕೋಳಿಯ ಗರಿಗೆ ಮೂಲದಲ್ಲಿ ಎರಡೇ ಬಗೆಯ ಬಣ್ಣ, ಒಂದು ಕಪ್ಪು-ಕಂದಿನ ಕಡೆಯದು, ಇನ್ನೊಂದು ಕೆಂಪು-ಹಳದಿಯ ಕಡೆಯದು. ಉಳಿದದ್ದೆಲ್ಲ ಈ ಎರಡು ಎಲ್ಲಿ, ಎಷ್ಟು, ಯಾವ ಗೆರೆಯಲ್ಲಿ ಹಂಚಿಕೆಯಾಗುತ್ತವೆ ಎಂಬ ಲೆಕ್ಕ. ಮೊಟ್ಟೆಗೆ ಹೆಸರಾದ ಬಿಳಿ ಲೆಗ್‌ಹಾರ್ನ್ ಕೋಳಿಯ ಬಿಳುಪು ಒಂದು ಮುಸುಕು ಅಷ್ಟೇ. ಒಂದು ಜೀನು ಬಣ್ಣ ಮೂಡದಂತೆ ತಡೆದಿರುತ್ತದೆ. ಮುಸುಕಿನ ಕೆಳಗೆ ಪಟ್ಟೆ, ಚುಕ್ಕೆ ಏನೇನೋ ಅಡಗಿರಬಹುದು, ಬೇರೆ ತಳಿಯೊಡನೆ ಕೂಡಿಸಿದಾಗ ಮಕ್ಕಳಲ್ಲೋ ಮೊಮ್ಮಕ್ಕಳಲ್ಲೋ ಅದು ಹೊರಬೀಳುತ್ತದೆ.

ಬಣ್ಣದ ಕೋಳಿಯ ಕತೆಯೂ ಅಂಗಡಿಯವನು ಹೇಳುವಷ್ಟು ಸರಳವಲ್ಲ. ‘ನಾಟಿ’ ಎಂದು ಮಾರುವ ಎಷ್ಟೋ ಕೋಳಿಗಳು ಹಳ್ಳಿಯ ತಿಪ್ಪೆ ಕೆದಕಿ ಬೆಳೆದವಲ್ಲ, ಶೆಡ್ಡಿನಲ್ಲೇ ಬೆಳೆದ ಬಣ್ಣದ ಬೆರಕೆ ತಳಿಗಳು. ಹಾಗೆಂದು ಬಣ್ಣದ ತಳಿಯನ್ನು ಮಾಡಿದವರದು ಮೋಸ ಎನ್ನಲಾಗದು. ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕೋಳಿ ವಿಜ್ಞಾನಿಗಳು 1980ರ ದಶಕದಲ್ಲಿ ‘ಗಿರಿರಾಜ’ ಎಂಬ ತಳಿಯನ್ನು ರೂಪಿಸಿದರು. ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವ ಬಡ ಹೆಂಗಸಿಗೆಂದು ಮಾಡಿದ ಕೋಳಿ ಅದು. ಊರ ಹೇಂಟೆ ವರ್ಷಕ್ಕೆ ಅರವತ್ತೆಪ್ಪತ್ತು ಮೊಟ್ಟೆ ಇಟ್ಟರೆ ಇದು 130-150 ಇಡುತ್ತದೆ, ತೂಕವೂ ಹೆಚ್ಚು. 2005ರಲ್ಲಿ ‘ಸ್ವರ್ಣಧಾರಾ’ ಬಂತು. ಇವೆರಡನ್ನೂ ಬಣ್ಣದ ಗರಿಯ ಕೋಳಿಗಳಾಗಿಯೇ ಮಾಡಿದರು. ಏಕೆಂದರೆ ಬಿಳಿ ಕೋಳಿಯನ್ನು ಹಿತ್ತಲಿಗೆ ಬಿಟ್ಟರೆ ಮೇಲಿಂದ ಹದ್ದಿಗೂ, ಬೇಲಿಯಿಂದ ಮುಂಗುಸಿಗೂ ಅದು ದೂರದಿಂದಲೇ ಕಾಣುತ್ತದೆ. ಮಣ್ಣಿನ ಬಣ್ಣದ ಕೋಳಿ ಪೊದೆಯೊಳಗೆ ಕರಗಿಹೋಗುತ್ತದೆ. ಇನ್ನೊಂದು ಕಾರಣ ಜನರ ಮನಸ್ಸು. ಹಳ್ಳಿಯವರಿಗೆ ಬಿಳಿ ಕೋಳಿ ಕೋಳಿಯೇ ಅಲ್ಲ. ಮಾರಮ್ಮನಿಗೆ ಹರಕೆ ಹೊತ್ತವರಿಗಾಗಲಿ, ದರ್ಗಾಕ್ಕೆ ಹರಕೆ ಹೊತ್ತವರಿಗಾಗಲಿ ಕೆಂಪೋ ಕರಿಯೋ ಬೇಕು. ಇಲ್ಲಿ ಬಣ್ಣದ ಆಯ್ಕೆ ಕೋಳಿಯ ಪ್ರಾಣವನ್ನೂ ಉಳಿಸುತ್ತದೆ, ಸಾಕಿದವಳ ಗಂಟನ್ನೂ ಉಳಿಸುತ್ತದೆ. ಇಂಥ ಆಯ್ಕೆಯಲ್ಲಿ ಯಾವ ಪಾಪವೂ ನಮಗೆ ಕಾಣುವುದಿಲ್ಲ.

ಹಾಗಾದರೆ ಪಾಪ ಎಲ್ಲಿಂದ ಶುರುವಾಗುತ್ತದೆ? ಶುರುವಾಗುತ್ತದೆಯೋ ಇಲ್ಲವೋ ಎನ್ನುವುದೇ ಮೊದಲ ಪ್ರಶ್ನೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮ ನಾಡಿನಲ್ಲಿದೆ. ಆದರೆ ಆ ಗಾದೆ ಕೇಳಿ ಗೆದ್ದವನ ನಗೆ ನಗುವವರೇ ಹೆಚ್ಚು, ಯೋಚಿಸುವವರು ಕಡಿಮೆ.

ಬಣ್ಣಕ್ಕಾಗಿಯೇ ತಳಿ ಎತ್ತುವವರ ಲೋಕ ಬೇರೆಯೇ. ಇಂಗ್ಲೆಂಡಿನಲ್ಲಿ 1865ರಲ್ಲಿ, ಅಮೆರಿಕದಲ್ಲಿ 1874ರಲ್ಲಿ ಯಾವ ತಳಿಯ ಕೋಳಿಗೆ ಯಾವ ಗರಿಯಲ್ಲಿ ಯಾವ ಬಣ್ಣ ಇರಬೇಕು ಎಂದು ನಿಯಮದ ಪುಸ್ತಕಗಳೇ ಬಂದವು. ಪ್ರದರ್ಶನದಲ್ಲಿ ಒಂದು ಗರಿ ತಪ್ಪು ಬಣ್ಣದ್ದು ಸಿಕ್ಕರೂ ಕೋಳಿಗೆ ಬಹುಮಾನ ತಪ್ಪುತ್ತದೆ. ಕೆಲವು ತಳಿಗಳಲ್ಲಿ ಹುಂಜಕ್ಕೆ ಹೇಳಿದ ಬಣ್ಣ ಮತ್ತು ಹೇಂಟೆಗೆ ಹೇಳಿದ ಬಣ್ಣ ಎರಡೂ ಒಂದೇ ಕುಟುಂಬದಲ್ಲಿ ಸರಿಯಾಗಿ ಬರುವುದೇ ಇಲ್ಲ. ಹಾಗಾಗಿ ಒಳ್ಳೆಯ ಹುಂಜ ಹುಟ್ಟಿಸಲು ಒಂದು ಸಂತತಿ, ಒಳ್ಳೆಯ ಹೇಂಟೆ ಹುಟ್ಟಿಸಲು ಇನ್ನೊಂದು ಸಂತತಿ ಸಾಕುತ್ತಿದ್ದರು. ಒಂದರ ಹೆಣ್ಣು, ಇನ್ನೊಂದರ ಗಂಡು ಹುಟ್ಟುವಾಗಲೇ ಲೆಕ್ಕಕ್ಕಿಲ್ಲ.

ನೀಲಿ ಅಂದಲೂಸಿಯನ್ ಎಂಬ ಕೋಳಿಯ ಉದಾಹರಣೆ ಇನ್ನೂ ಸ್ವಾರಸ್ಯಕರ. ಉರ್ದು ಶಾಲೆಯಲ್ಲಿ ನಾವು ಓದಿದ ಅದೇ ಅಂದಲುಸ್, ಸ್ಪೇನಿನ ದಕ್ಷಿಣದ ನಾಡು. ಬೂದಿ ಬೆರೆತ ನೀಲಿ ಬಣ್ಣದ ಈ ಕೋಳಿ ನೋಡಲು ಬಹಳ ಚೆಂದ. ಆದರೆ ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನೇ ಕೂಡಿಸಿದರೂ ಮರಿಗಳಲ್ಲಿ ಅರ್ಧ ಮಾತ್ರ ನೀಲಿ. ಕಾಲುಭಾಗ ಕಪ್ಪು, ಇನ್ನೊಂದು ಕಾಲುಭಾಗ ಕೊಳೆಯಾದ ಬಿಳಿ. ನೂರು ವರ್ಷ ಆರಿಸಿದರೂ ಇಷ್ಟೇ. ಏಕೆಂದರೆ ಆ ನೀಲಿಯೇ ಒಂದು ಬೆರಕೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಬೇರೆ ಬೇರೆ ಬಂದಾಗ ಮಾತ್ರ ಅದು ಮೂಡುತ್ತದೆ. ಶುದ್ಧ ನೀಲಿ ಎಂಬುದು ಹುಟ್ಟಲು ಸಾಧ್ಯವೇ ಇಲ್ಲ. ತಮಾಷೆ ಎಂದರೆ, ಯಾವ ಕಪ್ಪು ಮತ್ತು ಕೊಳೆ ಬಿಳಿ ಮರಿಗಳನ್ನು ತಳಿಗಾರ ತಪ್ಪು ಎಂದು ತೆಗೆದುಹಾಕುತ್ತಾನೋ ಅವೆರಡನ್ನು ಕೂಡಿಸಿದರೆ ಮರಿಗಳೆಲ್ಲ ನೀಲಿಯೇ ಹುಟ್ಟುತ್ತವೆ.

ಆಯ್ಕೆ ಎಂದರೆ ತೆಗೆದುಹಾಕುವುದೂ ಹೌದು. ಇದನ್ನು ಕಣ್ಣಾರೆ ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಮಾಗಡಿ ರಸ್ತೆಯ ಬದಿಯಲ್ಲಿ, ಶಾಲೆ ಬಿಡುವ ಹೊತ್ತಿಗೆ, ರಟ್ಟಿನ ಪೆಟ್ಟಿಗೆಯಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣದ ಕೋಳಿಮರಿಗಳನ್ನು ಇಟ್ಟುಕೊಂಡು ಕೂರುವವರನ್ನು ಓದುಗರು ನೋಡಿರಬಹುದು. ಜಾತ್ರೆ, ಉರುಸುಗಳಲ್ಲಂತೂ ಇದ್ದೇ ಇರುತ್ತಾರೆ. ಮಕ್ಕಳು ಅಮ್ಮಂದಿರ ಸೆರಗು ಜಗ್ಗುತ್ತವೆ. ಆ ಮರಿಗಳು ಮೊಟ್ಟೆ ಕೋಳಿಯ ತಳಿಯ ಗಂಡುಗಳು. ಮೊಟ್ಟೆ ಇಡಲಾರವು, ಮಾಂಸಕ್ಕೆ ಬೇಗ ಬೆಳೆಯಲಾರವು. ಹ್ಯಾಚರಿಗೆ ಅವು ಹುಟ್ಟಿದ ದಿನದ ಕಸ. ಜಗತ್ತಿನ ಬಹುತೇಕ ಕಡೆ ಅವನ್ನು ಅದೇ ದಿನ ಕೊಲ್ಲುತ್ತಾರೆ. ಜರ್ಮನಿ 2022ರಲ್ಲಿ ಕಾನೂನು ಮಾಡಿ ಇದನ್ನು ನಿಲ್ಲಿಸಿತು, ಆಮೇಲೆ ಫ್ರಾನ್ಸ್ ಕೂಡ. ನಮ್ಮಲ್ಲಿ ಅವುಗಳಲ್ಲಿ ಕೆಲವು ಬಣ್ಣದ ನೀರಿನಲ್ಲಿ ಮುಳುಗಿ ಎದ್ದು ಬೀದಿಗೆ ಬರುತ್ತವೆ.

ಗಂಡು-ಹೆಣ್ಣು ಬೇರ್ಪಡಿಸುವುದಕ್ಕೂ ಬಣ್ಣದ ವಿದ್ಯೆಯೇ ನೆರವಾಗಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೋಳಿಯಲ್ಲಿ ಕೆಲವು ಬಣ್ಣದ ಗುಣಗಳನ್ನು ತಾಯಿ ತನ್ನ ಗಂಡುಮಕ್ಕಳಿಗೆ ಮಾತ್ರ ಕೊಡಬಲ್ಲಳು, ಹೆಣ್ಣುಮಕ್ಕಳಿಗಲ್ಲ. ಹೊಂಬಣ್ಣದ ಹುಂಜಕ್ಕೆ ಬೆಳ್ಳಿಬಣ್ಣದ ಹೇಂಟೆಯನ್ನು ಕೂಡಿಸಿದರೆ ಹುಟ್ಟುವ ಗಂಡು ಮರಿಗಳು ತಾಯಿಯಂತೆ ತಿಳಿ, ಹೆಣ್ಣು ಮರಿಗಳು ತಂದೆಯಂತೆ ಕಂದು. ಪಟ್ಟೆಯ ಗರಿಗೂ ಇದೇ ದಾರಿ. ಕೇಂಬ್ರಿಜ್ಜಿನ ಪುನೆಟ್ ಎಂಬ ವಿಜ್ಞಾನಿ ಇದನ್ನೇ ಬಳಸಿ, ಮೊಟ್ಟೆಯೊಡೆದ ದಿನವೇ ಬಣ್ಣದಿಂದ ಗಂಡು-ಹೆಣ್ಣು ತಿಳಿಯುವ ತಳಿಯೊಂದನ್ನು 1929ರ ಹೊತ್ತಿಗೆ ಮಾಡಿ ತೋರಿಸಿದ. ತಾಯಿಯ ಬಣ್ಣ ಮಗನಿಗೆ ಬಂತು ಎಂಬ ಈ ಮುದ್ದಾದ ಸಂಗತಿ ಹ್ಯಾಚರಿಯ ಬೆಲ್ಟಿನ ಮೇಲೆ ಮಗನ ಮರಣದ ಗುರುತಾಯಿತು. ವಿದ್ಯೆ ಅದೇ, ಕೈ ಮಾತ್ರ ಬೇರೆ.

ಬಣ್ಣ ಬಳಿದ ಮರಿ ಮನೆಗೆ ಬಂದರೆ ಸಾಮಾನ್ಯವಾಗಿ ನಾಲ್ಕು ದಿನ ಬದುಕುತ್ತದೆ. ಅದಕ್ಕೆ ಬೇಕಾದ ಬಿಸಿ, ಆಹಾರ ಯಾವುದೂ ನಮ್ಮ ಬಾಡಿಗೆ ಮನೆಗಳಲ್ಲಿ ಇರುವುದಿಲ್ಲ. ಅಪ್ಪಿತಪ್ಪಿ ಬದುಕಿದರೆ ಎರಡು ಮೂರು ವಾರಕ್ಕೆ ಗುಲಾಬಿ ತುಪ್ಪುಳು ಉದುರಿ ಒಳಗಿನಿಂದ ಬಿಳಿ ಗರಿ ಬರುತ್ತದೆ. ಮಗು ಆಗ ಕೇಳುತ್ತದೆ, ನನ್ನ ಗುಲಾಬಿ ಕೋಳಿ ಎಲ್ಲಿ ಹೋಯಿತು ಎಂದು.

ಸುಂಕದಕಟ್ಟೆಯ ಒಂದು ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಹಿರಿಯರೊಬ್ಬರು ಅಸೀಲ್ ಕೋಳಿಗಳನ್ನು ಸಾಕಿದ್ದಾರೆ. ಬೀದಿಯವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿ ನಿವೃತ್ತರಾದವರು. ಪ್ರಾಣಿಗಳನ್ನು ಕಾಳಗಕ್ಕೆ ಬಿಡುವುದು 1960ರ ಕಾನೂನಿನ ಪ್ರಕಾರ ಅಪರಾಧ. ಪ್ರಾಣಿಗಳನ್ನು ಒಂದರ ಮೇಲೊಂದು ಛೂ ಬಿಡುವುದನ್ನು ಪ್ರವಾದಿವರ್ಯರು(ಸ) ತಡೆದರೆಂದು ಹದೀಸ್ ಇರುವುದೂ ಚಾಚಾಗೆ ಗೊತ್ತು. ಆ ಚಟ ಬಿಟ್ಟು ಬಹಳ ವರ್ಷವಾಯಿತು ಎನ್ನುತ್ತಾರೆ. ಕೋಳಿಗಳನ್ನು ಮಾತ್ರ ಬಿಟ್ಟಿಲ್ಲ.

ಅಸೀಲ್ ಎಂಬುದು ಅರಬಿಯಿಂದ ಉರ್ದುವಿಗೆ ಬಂದ ಪದ. ಮೂಲ ಉಳ್ಳದ್ದು, ಕುಲೀನ, ಅಪ್ಪಟ ಎಂದರ್ಥ. ಈ ತಳಿಯಲ್ಲಿ ಬಣ್ಣಕ್ಕೊಂದು ಹೆಸರಿದೆ. ಹೊಂಗೆಂಪಿನದು ಪೀಲಾ, ಕಪ್ಪು-ಕೆಂಪಿನದು ಯಾಕೂಬ್, ಬಿಳಿಯದು ನೂರಿ, ಕರಿಯದು ಕಾಗರ್, ಕಂದು ಟೀಕರ್, ತಿಳಿಗೆಂಪು ರೇಜಾ. ಒಂದು ಕೋಳಿಗೆ ಪೈಗಂಬರರೊಬ್ಬರ ಹೆಸರು, ಇನ್ನೊಂದಕ್ಕೆ ಬೆಳಕಿನ ಹೆಸರು. ಈ ಹೆಸರುಗಳನ್ನು ಇಟ್ಟವರು ಯಾರೋ, ಕವಿಗಳೇ ಇರಬೇಕು. ತುಳುನಾಡಿನ ಕೋಳಿ ಅಂಕದಲ್ಲೂ ಹೀಗೆಯೇ ಬೊಳ್ಳೆ, ಕೆಮ್ಮೈರೆ, ಕುಪ್ಪುಳೆ, ಕಾವೆ ಎಂದು ಬಣ್ಣದ ಹೆಸರುಗಳಿವೆ. ಯಾವ ದಿನ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗವೇ ಇದೆ. ಚಾಚಾ ಮಾತ್ರ ಪಂಚಾಂಗವನ್ನು ನಂಬುವುದಿಲ್ಲ. “ರಂಗ್ ಎಲ್ಲಿ ಕುಸ್ತಿ ಆಡುತ್ತದೆ ಮಿಯಾ? ಹಡ್ಡಿ ನೋಡಬೇಕು, ನಸಲ್ ನೋಡಬೇಕು” ಎನ್ನುತ್ತಾರೆ. ಆದರೂ ಅವರ ನೂರಿ ಹೇಂಟೆಗೆ ನೂರಿ ಹುಂಜವೇ ಆಗಬೇಕು. ಪಕ್ಕದ ತಾರಸಿಯ ಹುಂಜ ಹಾರಿ ಬಂದರೆ ಕೋಲು ಹಿಡಿದು ಓಡುತ್ತಾರೆ. ಕಳೆದ ಬಾರಿ ಅದು ಬಂದು ಹೋದದ್ದು ಅವರಿಗೆ ತಿಳಿಯಲಿಲ್ಲ. ಮರಿಗಳಲ್ಲಿ ಒಂದು ಬೆಳೆಯುತ್ತ ಬೆಳೆಯುತ್ತ ಎದೆಯ ಮೇಲೆ ಕಪ್ಪು ಚುಕ್ಕೆಗಳನ್ನು ತೋರಿಸಿತು. ಚಾಚಾ ಅದನ್ನು ನೋಡಿ ಒಂದೇ ಶಬ್ದ ಹೇಳಿದರು, “ದೋಗ್ಲಾ.”

ಕೋಳಿಗೂಡಿನಲ್ಲಿ ಅದು ಬರಿಯ ತಾಂತ್ರಿಕ ಶಬ್ದ, ಎರಡು ತಳಿಯ ಬೆರಕೆ ಎಂದು. ಬೀದಿಯಲ್ಲಿ ಅದು ತಾಯಿಯ ಶೀಲದ ಮೇಲೆ ಎಸೆಯುವ ಕಲ್ಲು. ಕನ್ನಡವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ‘ಜಾತಿ ನಾಯಿ’, ‘ಜಾತಿ ಕೋಳಿ’ ಎನ್ನುತ್ತೇವೆ. ಜಾತಿ ಇರುವುದೇ ಮೇಲು, ಇಲ್ಲದ್ದು ಬೀದಿಯದು ಎಂಬ ತೀರ್ಪು ಆ ಎರಡು ಶಬ್ದದೊಳಗೇ ಕೂತಿದೆ. ‘ಬೆರಕೆ’ ಎಂಬುದನ್ನು ಸೊಪ್ಪಿಗೆ ಹೇಳಿದರೆ ಸಾರು ರುಚಿ, ಮನುಷ್ಯನಿಗೆ ಹೇಳಿದರೆ ಬೈಗುಳ. ಗೂಡಿನ ಭಾಷೆ ಮನೆಗೆ ಬಂತೋ, ಮನೆಯ ಭಾಷೆ ಗೂಡಿಗೆ ಹೋಯಿತೋ ಹೇಳುವುದು ಕಷ್ಟ. ಎರಡರ ನಡುವೆ ಬಾಗಿಲಿಲ್ಲ ಎಂಬುದಂತೂ ನಿಜ.

ಆ ಬಾಗಿಲಿಲ್ಲದ ದಾರಿಯಲ್ಲಿ ನಡೆದು ಹೋದ ಒಬ್ಬ ವಿದ್ವಾಂಸನ ಕತೆ ಇದೆ. ಅಮೆರಿಕದ ಚಾರ್ಲ್ಸ್ ಡೇವನ್‌ಪೋರ್ಟ್ 1906ರಲ್ಲಿ ಕೋಳಿಗಳ ಆನುವಂಶಿಕತೆಯ ಬಗ್ಗೆ ಪುಸ್ತಕ ಬರೆದ. ಜುಟ್ಟು, ಗರಿ, ಬಣ್ಣ ಎಲ್ಲವನ್ನೂ ತಾಳ್ಮೆಯಿಂದ ಎಣಿಸಿ ಬರೆದ ಕೆಲಸ. 1909ರಲ್ಲಿ ಮತ್ತೊಂದು ಕೋಳಿ ಗ್ರಂಥ. 1910ರಲ್ಲಿ ಅದೇ ಮನುಷ್ಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ ಮನುಷ್ಯರ ‘ಸುಸಂತಾನ’ದ ದಾಖಲೆ ಕಚೇರಿ ತೆರೆದ. ಯಾವ ಕುಟುಂಬದ ರಕ್ತ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಚೀಟಿಗಳಲ್ಲಿ ಬರೆದಿಡುವ ಕಚೇರಿ ಅದು. ಬಿಳಿಯರು-ಕರಿಯರ ಮಕ್ಕಳ ಚರ್ಮದ ಬಣ್ಣವನ್ನೂ ಅವನು ಕೋಳಿ ಗರಿಯನ್ನು ಅಳೆದಂತೆಯೇ ಅಳೆದ. ಆ ಕಚೇರಿಯ ಮೇಲ್ವಿಚಾರಕ 1924ರಲ್ಲಿ ವಲಸಿಗರನ್ನು ತಡೆಯುವ ಕಾನೂನಿಗೆ ಬೆಂಬಲವಾಗಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದ. ಆ ದೇಶದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಸರಕಾರದ ಕಾನೂನಿನ ಬಲದಿಂದ ಸಂತಾನಹರಣ ಚಿಕಿತ್ಸೆ ನಡೆಯಿತು. ಜರ್ಮನಿಯ ನಾಜಿಗಳು ಆ ಕಾನೂನುಗಳನ್ನು ನೋಡಿಯೇ ಕಲಿತರು. ಕೋಳಿಯ ಬಗ್ಗೆ ಡೇವನ್‌ಪೋರ್ಟ್ ಬರೆದ ಅನೇಕ ಸಂಗತಿಗಳು ಸರಿಯಾಗಿದ್ದವು. ಅದು ಅವನನ್ನು ಕಾಪಾಡಲಿಲ್ಲ.

ನಾವು ಅಮೆರಿಕದವರನ್ನು ಬೈದು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಜಾತಿ ಇಲ್ಲ ಎಂದು ವೇದಿಕೆಯ ಮೇಲೆ ಹೇಳುತ್ತೇವೆ. ವೇದಿಕೆಯಿಂದ ಇಳಿದು ಮದುವೆಯ ಮಾತಿಗೆ ಕುಳಿತರೆ ಸಯ್ಯದ್, ಶೇಖ್, ಪಠಾಣ್ ಒಂದು ಕಡೆ, ಪಿಂಜಾರ, ಛಪ್ಪರಬಂದ್, ಕಸಾಯಿ ಇನ್ನೊಂದು ಕಡೆ. ಅಶ್ರಾಫ್, ಅಜ್ಲಾಫ್ ಎಂಬ ಪದಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ, “ಖಾನ್‌ದಾನ್ ನೋಡಬೇಕಲ್ಲ” ಎನ್ನುತ್ತೇವೆ. ‘ಕುಫು’ ಎಂಬ ಫಿಕ್‌ಹಿನ ಮಾತನ್ನು ಎಳೆದು ತರುತ್ತೇವೆ. ವರ-ವಧು ಸರಿಸಮಾನರಾಗಿರಲಿ ಎಂಬ ಆ ವಿಚಾರದಲ್ಲಿ ವಂಶವನ್ನು ಲೆಕ್ಕಕ್ಕೆ ಹಿಡಿದ ಫುಕಹಾಗಳು ಇದ್ದಾರೆ ನಿಜ. ಧರ್ಮನಿಷ್ಠೆಯೇ ಮುಖ್ಯ, ವಂಶವಲ್ಲ ಎಂದ ಇಮಾಮ್ ಮಾಲಿಕರೂ ಇದ್ದಾರೆ. ನಮಗೆ ನೆನಪಾಗುವುದು ಮಾತ್ರ ಮೊದಲಿನವರು.

ಬಣ್ಣದ ಮಾತು ಇದಕ್ಕಿಂತ ಕ್ರೂರ. ಚಾಚಾನ ಮೊಮ್ಮಗಳು ಬಿ.ಕಾಂ. ಓದಿದ್ದಾಳೆ, ಲೆಕ್ಕಪತ್ರದ ಕೆಲಸ ಮಾಡುತ್ತಾಳೆ, ಉರ್ದು ಕನ್ನಡ ಎರಡೂ ಚೆನ್ನಾಗಿ ಬರೆಯುತ್ತಾಳೆ. ಹುಡುಗಿ ಕಪ್ಪು. ಮೂರು ಸಂಬಂಧ ಬಂದು ಹೋದವು. ಮೂರನೆಯವರು ಚಹಾ ಕುಡಿದು, ಬಿಸ್ಕತ್ತು ತಿಂದು, ಹುಡುಗಿಯ ತಾಯಿಯ ಮುಖವನ್ನೂ ಒಮ್ಮೆ, ತಂದೆಯ ಮುಖವನ್ನೂ ಒಮ್ಮೆ ನೋಡಿದರು. ಇಬ್ಬರೂ ಬೆಳ್ಳಗಿದ್ದಾರೆ. ಬಂದವರಲ್ಲಿ ಒಬ್ಬಾಕೆ ನಗುತ್ತ, “ಇವಳು ಯಾರ ಹಾಗೆ?” ಎಂದು ಕೇಳಿದಳು. ಆ ನಗೆಯ ಅರ್ಥ ಕೋಣೆಯಲ್ಲಿದ್ದ ಎಲ್ಲರಿಗೂ ಆಯಿತು. ಹುಡುಗಿಯ ತಾಯಿ ಎದ್ದು ಅಡುಗೆಮನೆಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೋಳಿಗೆ ಚರ್ಮವೂ ಕಪ್ಪು, ಮಾಂಸವೂ ಕಪ್ಪು. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದ ಮೇಲೆ ಬೆಂಗಳೂರಿನಲ್ಲೂ ಜನ ಹುಡುಕಿಕೊಂಡು ಹೋಗಿ ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಹಸು ಕಪ್ಪಾದರೆ ಹಾಲು ಕಪ್ಪೇ ಎಂದು ಕೇಳಿದ ನಾಡಿದು. ಕಪ್ಪು ಕೋಳಿಗೆ ಕಾಸು ಬಿಚ್ಚುವ ಮನೆಯಲ್ಲೇ ಕಪ್ಪು ಸೊಸೆ ಬೇಡ.

“ಇವಳು ಯಾರ ಹಾಗೆ?” ಎಂಬ ಆ ಪ್ರಶ್ನೆ ಹೊಸದಲ್ಲ. ಸಾವಿರದ ನಾಲ್ಕುನೂರು ವರ್ಷದ ಹಿಂದೆ ಮದೀನಾದಲ್ಲಿ ಅದನ್ನು ಒಬ್ಬ ಗಂಡನೇ ಕೇಳಿದ್ದ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಹಜ್ರತ್ ಅಬೂ ಹುರೈರಾ(ರ) ಅವರ ವರದಿ ಇದೆ. ಫಜಾರಾ ಕುಲದ ಒಬ್ಬ ಬಂದು, ತನ್ನ ಹೆಂಡತಿ ಕಪ್ಪು ಮಗುವನ್ನು ಹೆತ್ತಿದ್ದಾಳೆ ಎಂದು ದೂರಿನ ಧಾಟಿಯಲ್ಲಿ ಹೇಳಿದ. ಅವನ ಮನಸ್ಸಿನಲ್ಲಿ ಏನಿತ್ತು ಎಂಬುದು ಸ್ಪಷ್ಟವೇ ಇತ್ತು. ಪ್ರವಾದಿವರ್ಯರು(ಸ) ಅವನಿಗೆ ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ. ನಿನ್ನ ಬಳಿ ಒಂಟೆಗಳಿವೆಯೇ ಎಂದು ಕೇಳಿದರು. ಇವೆ ಎಂದ. ಅವುಗಳ ಬಣ್ಣ ಏನೆಂದು ಕೇಳಿದರು. ಕೆಂಪು ಎಂದ. ಅವುಗಳಲ್ಲಿ ಬೂದು ಬಣ್ಣದ್ದೂ ಇದೆಯೇ ಎಂದರು. ಇದೆ ಎಂದ. ಅದು ಎಲ್ಲಿಂದ ಬಂತು ಎಂದು ಕೇಳಿದಾಗ ಅವನೇ ಉತ್ತರ ಕೊಟ್ಟ, ಹಿಂದಿನ ಯಾವುದೋ ‘ಇರ್ಕ್’ ಅದನ್ನು ಎಳೆದಿರಬೇಕು ಎಂದು. ಹಾಗಾದರೆ ನಿನ್ನ ಮಗನನ್ನೂ ಹಾಗೆಯೇ ಎಳೆದಿರಬಹುದಲ್ಲ ಎಂಬುದು ಪ್ರವಾದಿವರ್ಯರ(ಸ) ಮಾತಿನ ಸಾರ. ಆ ಮಗುವನ್ನು ತನ್ನದಲ್ಲ ಎನ್ನಲು ಅವನಿಗೆ ಅನುಮತಿ ಸಿಗಲಿಲ್ಲ.

‘ಇರ್ಕ್’ ಎಂದರೆ ನರ, ಬೇರು. ಉರ್ದುವಿನಲ್ಲಿ ‘ರಗ್’ ಎನ್ನುತ್ತೇವೆ. ಈ ಹದೀಸನ್ನು ನಾವು ಚಿಕ್ಕಂದಿನಲ್ಲಿ ಮದರಸಾದಲ್ಲಿ ಕೇಳಿದ್ದೆವು. ಆಗ ಅದು ಒಂಟೆಯ ಕತೆಯಾಗಿ ಮಾತ್ರ ಕೇಳಿಸಿತ್ತು. ಈಗ ನೋಡಿದರೆ ಅದರ ನ್ಯಾಯದ ದಾರಿ ಬೆರಗು ಹುಟ್ಟಿಸುತ್ತದೆ. ಡೇವನ್‌ಪೋರ್ಟ್ ಕೂಡ ಪ್ರಾಣಿಯ ಬಣ್ಣದಿಂದ ಮನುಷ್ಯನ ಬಣ್ಣಕ್ಕೆ ಬಂದ. ಇಲ್ಲಿಯೂ ದಾರಿ ಒಂಟೆಯಿಂದ ಮಗುವಿಗೇ. ಆದರೆ ಅಲ್ಲಿ ತಳಿಗಾರನ ಅರಿವು ಮನುಷ್ಯರನ್ನು ಜರಡಿ ಹಿಡಿಯಲು ಹೊರಟಿತು. ಇಲ್ಲಿ ಅದೇ ಅರಿವು, ಪಶು ಸಾಕುವವನಿಗೆ ಅವನದೇ ಹಟ್ಟಿಯಿಂದ ಸಿಕ್ಕ ಅರಿವು, ಒಬ್ಬ ತಾಯಿಯನ್ನು ಆರೋಪದಿಂದ ಬಿಡಿಸಿತು, ಒಂದು ಮಗುವಿಗೆ ತಂದೆಯನ್ನು ಉಳಿಸಿತು. ಬಣ್ಣ ಸುಳ್ಳು ಎಂದಾಗಲಿ, ವಂಶವಾಹಿ ಇಲ್ಲವೆಂದಾಗಲಿ ಆ ನ್ಯಾಯ ಹೇಳಲಿಲ್ಲ. ವಂಶ ನೀನು ತಿಳಿದದ್ದಕ್ಕಿಂತ ಆಳ ಎಂದು ತೋರಿಸಿತು. ಆಳವನ್ನು ಬಲ್ಲವನು ಮೇಲಿನ ಬಣ್ಣ ನೋಡಿ ತೀರ್ಪು ಕೊಡಲಾರ.

ಕೋಳಿಯ ಚರಿತ್ರೆಯೂ ಅದನ್ನೇ ಹೇಳುತ್ತದೆ. ಡಾರ್ವಿನ್ ತನ್ನ ಮನೆಯಲ್ಲಿ ಕರಿ ಸ್ಪ್ಯಾನಿಷ್ ಹುಂಜಕ್ಕೆ ಬಿಳಿ ರೇಷ್ಮೆಗರಿಯ ಹೇಂಟೆಯನ್ನು ಕೂಡಿಸಿದಾಗ, ಅವುಗಳ ಮರಿಗಳಲ್ಲಿ ಒಂದು ಹುಂಜ ಬೆಳೆದು ಕಾಡುಕೋಳಿಯ ಕೆಂಪು ಬಣ್ಣ ತಳೆಯಿತು. ತಂದೆಯಲ್ಲಿ ಇಲ್ಲದ, ತಾಯಿಯಲ್ಲಿ ಇಲ್ಲದ ಬಣ್ಣ. 1868ರ ತನ್ನ ಗ್ರಂಥದಲ್ಲಿ ಅವನು ಇದನ್ನು ಬರೆದಿದ್ದಾನೆ. ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಜಗತ್ತಿನ ಸಾಕು ಕೋಳಿಗಳೆಲ್ಲ ಕೆಂಪು ಕಾಡುಕೋಳಿಯಿಂದ ಬಂದವು ಎಂದೇ ಬಹುಕಾಲ ತಿಳಿದಿದ್ದರು. 2008ರಲ್ಲಿ ವಿಜ್ಞಾನಿಗಳು ಸಾಕು ಕೋಳಿಯ ಹಳದಿ ಕಾಲಿನ ಜೀನನ್ನು ಹುಡುಕಿಕೊಂಡು ಹೋದಾಗ ಅದು ಬೂದು ಕಾಡುಕೋಳಿಯದೆಂದು ಗೊತ್ತಾಯಿತು. ಅದು ದಕ್ಷಿಣ ಭಾರತದ, ನಮ್ಮ ಕೊಡಗು-ಮಲೆನಾಡಿನ ಕಾಡುಗಳಲ್ಲಿ ಕೂಗುವ ಹಕ್ಕಿ. ಎಂದರೆ ಅಮೆರಿಕದ ಶೆಡ್ಡಿನಲ್ಲಿ ಬೆಳೆಯುವ ಬಿಳಿ ಕೋಳಿಯ ಕಾಲಿನಲ್ಲೂ ನಮ್ಮ ಘಟ್ಟದ ಕಡೆಯ ರಗ್ ಇದೆ. ಅಪ್ಪಟ ಎಂಬ ಕೋಳಿ ಎಲ್ಲಿದೆ?

ಇಷ್ಟು ಹೇಳಿದಾಗ ಎರಡು ಆಕ್ಷೇಪಗಳು ಏಳುತ್ತವೆ. ಕೋಳಿಗಳೇ ಬಣ್ಣ ನೋಡಿ ಕುಕ್ಕುತ್ತವಲ್ಲ, ನಿಸರ್ಗದಲ್ಲೇ ಇರುವುದು ಮನುಷ್ಯನಲ್ಲಿದ್ದರೆ ತಪ್ಪೇನು ಎಂಬುದು ಒಂದು. 2004ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಾಡುಕೋಳಿ ಮತ್ತು ಬಿಳಿ ಲೆಗ್‌ಹಾರ್ನಿನ ಬೆರಕೆ ಮರಿಗಳಲ್ಲಿ ಬಣ್ಣದ ಗರಿಯವೇ ಉಳಿದವುಗಳಿಂದ ಹೆಚ್ಚು ಕುಕ್ಕಿಸಿಕೊಳ್ಳುತ್ತವೆ ಎಂದು ಕಂಡದ್ದು ನಿಜ. ಆದರೆ ಗರಿ ಕೀಳುವ ಆ ಚಟ ಬಯಲಿನಲ್ಲಿ ಮೇಯುವ ಕೋಳಿಗಿಂತ ಕೂಡಿಹಾಕಿದ ಕೋಳಿಯಲ್ಲೇ ಹೆಚ್ಚು. ಕೆದಕಲು ಮಣ್ಣಿಲ್ಲದ ಕೋಳಿ ಪಕ್ಕದ ಕೋಳಿಯನ್ನು ಕೆದಕುತ್ತದೆ. ಅದನ್ನು ನಿಸರ್ಗದ ನಿಯಮ ಎನ್ನುವುದಾದರೆ ಜೈಲಿನ ಹೊಡೆದಾಟವನ್ನೂ ಮನುಷ್ಯನ ಸ್ವಭಾವ ಎನ್ನಬೇಕಾಗುತ್ತದೆ.

ಎರಡನೆಯ ಆಕ್ಷೇಪ ತೂಕದ್ದು. ತಳಿಯ ಶುದ್ಧಿಯನ್ನೇ ಹೀಗಳೆದರೆ ಅಸೀಲ್ ಉಳಿಯುವುದು ಹೇಗೆ? ಚಾಚಾ ಕೋಲು ಹಿಡಿದು ಓಡದಿದ್ದರೆ ಹತ್ತು ವರ್ಷದಲ್ಲಿ ಆ ತಾರಸಿಯ ಮೇಲೆ ಅಸೀಲ್ ಇರುವುದಿಲ್ಲ. ತಳಿಗಳು ಎಷ್ಟು ಬೇಗ ಕಳೆದುಹೋಗಬಹುದು ಎಂಬುದಕ್ಕೆ ನಮ್ಮ ಊರಿನಿಂದ ಹೆಚ್ಚು ದೂ​ರವಲ್ಲದ ಹೆಸರಘಟ್ಟವೇ ಸಾಕ್ಷಿ. ಅಲ್ಲಿನ ಕೇಂದ್ರ ಸರಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ 2012ರ ಅಕ್ಟೋಬರಿನಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿತು. ರೋಗ ಹರಡಬಾರದೆಂದು ಸಾವಿರಾರು ಹಕ್ಕಿಗಳನ್ನು ಕೆಲವೇ ದಿನಗಳಲ್ಲಿ ಕೊಂದು ಹೂಳಬೇಕಾಯಿತು. ವರ್ಷಗಟ್ಟಲೆ ಆರಿಸಿ, ಬರೆದಿಟ್ಟು, ಕಾವು ಕೊಟ್ಟು ಬೆಳೆಸಿದ್ದು ಗುಂಡಿಗೆ ಹೋಯಿತು. ಹಾಗಾಗಿ ತಾರಸಿಯ ಮೇಲೆ, ಹಿತ್ತಲಿನಲ್ಲಿ ನಾಲ್ಕು ಅಸೀಲ್ ಉಳಿಸುವವನನ್ನು ನಾವು ಗೌರವಿಸಲೇಬೇಕು.

ಆದರೆ ಕೋಳಿಯ ತಳಿಶುದ್ಧಿ ಒಂದು ಉಪಯೋಗದ ಮಾತು. ಈ ಗುಣ ನಮಗೆ ಬೇಕು, ಅದು ಕಳೆಯಬಾರದು, ಅದಕ್ಕಾಗಿ ಬೇರೆಯಾಗಿ ಇಡುತ್ತೇವೆ. ಬೆರಕೆ ಬೇಕಾದಾಗ ಬೆರಕೆ ಮಾಡುತ್ತೇವೆ, ಗಿರಿರಾಜ ಬಂದದ್ದೇ ಹಾಗೆ. ಕೋಳಿಯನ್ನು ಸಾಕುವವನಿಗೆ ಒಂದು ಉದ್ದೇಶ ಇರುತ್ತದೆ, ತಳಿಯ ಬೆಲೆ ಆ ಉದ್ದೇಶದಿಂದ ಬರುತ್ತದೆ. ಮನುಷ್ಯನನ್ನು ಯಾರೂ ಯಾವ ಉದ್ದೇಶಕ್ಕೂ ಸಾಕಿಲ್ಲ. ಸಾಕುವವನೇ ಇಲ್ಲದ ಕಡೆ ‘ನಸಲ್’ ಎಂಬ ಮಾತಿಗೆ ಬೆಲೆ ಕಟ್ಟುವವರು ಯಾರು? ಕಟ್ಟುವವನು ತಾನೇ ಸಾಕುವವನ ಜಾಗದಲ್ಲಿ ಕುಳಿತಿದ್ದಾನೆ. ಡೇವನ್‌ಪೋರ್ಟ್ ಕುಳಿತದ್ದು ಅಲ್ಲಿ, ಹುಡುಗಿ ನೋಡಲು ಬಂದು “ಇವಳು ಯಾರ ಹಾಗೆ?” ಎಂದು ನಕ್ಕ ಆ ಹೆಂಗಸು ಕುಳಿತದ್ದೂ ಅಲ್ಲಿಯೇ.

ಹಾಗೆಂದು ಕೋಳಿಯ ವಿಷಯದಲ್ಲಿ ನಮ್ಮ ಉದ್ದೇಶವೇ ಸರ್ವಸ್ವ ಎಂದೂ ಆಗುವುದಿಲ್ಲ. 2002ರಲ್ಲಿ ಇಸ್ರೇಲಿನ ಒಬ್ಬ ವಿಜ್ಞಾನಿ ಗರಿಯೇ ಇಲ್ಲದ ಕೋಳಿಯನ್ನು ಜಗತ್ತಿಗೆ ತೋರಿಸಿದ. ಬಿಸಿಲಿನ ದೇಶಗಳಲ್ಲಿ ಕೋಳಿಗೆ ಸೆಖೆಯಾಗದು, ಪುಕ್ಕ ಕೀಳುವ ಖರ್ಚಿಲ್ಲ ಎಂಬುದು ಅವನ ವಾದ. ಲೆಕ್ಕದಲ್ಲಿ ಅದು ಸರಿಯಿರಬಹುದು. ಆ ಚಿತ್ರ ನೋಡಿದವರಿಗೆ ಯಾಕೋ ನಾಚಿಕೆಯಾಗುತ್ತದೆ, ಬೇರೆಯವರ ಬಟ್ಟೆ ಕಳೆದದ್ದನ್ನು ನೋಡಿದ ಹಾಗೆ. ಗರಿ ಕೋಳಿಗೆ ಅಲಂಕಾರ ಮಾತ್ರವಲ್ಲ. ಸೊಳ್ಳೆಯಿಂದ, ಬಿಸಿಲಿನಿಂದ, ಇನ್ನೊಂದು ಕೋಳಿಯ ಉಗುರಿನಿಂದ ಅದು ಚರ್ಮವನ್ನು ಕಾಯುತ್ತದೆ. ಧೂಳಿನಲ್ಲಿ ಹೊರಳಾಡಿ ಗರಿ ಕೊಡವಿಕೊಳ್ಳುವುದು ಕೋಳಿಯ ಸುಖ. ಕುರ್‌ಆನ್ ರೆಕ್ಕೆಯಿಂದ ಹಾರುವ ಹಕ್ಕಿಗಳನ್ನೂ ಕುರಿತು ‘ಉಮಮ್’ ಎಂಬ ಪದವನ್ನೇ ಬಳಸುತ್ತದೆ. ನಾವು ನಮ್ಮನ್ನು ಕರೆದುಕೊಳ್ಳುವ ಉಮ್ಮತ್ ಎಂಬುದರ ಬಹುವಚನ ಅದು. ಒಂದು ಸಮುದಾಯದ ಮೈಮೇಲಿನ ಬಟ್ಟೆಯ ಬಣ್ಣವನ್ನು ಅದರ ಹಿತಕ್ಕಾಗಿ ಆರಿಸುವುದು ಬೇರೆ, ಆ ಬಟ್ಟೆಯನ್ನೇ ಕಳೆಯುವುದು ಬೇರೆ. ಗಿರಿರಾಜದ ಕಂದು ಗರಿಯನ್ನು ಒಪ್ಪುವ ನಾವು ಪೆಟ್ಟಿಗೆಯ ಗುಲಾಬಿ ಮರಿಯನ್ನು, ಬೋಳು ಕೋಳಿಯನ್ನು ಒಪ್ಪಲಾರೆವು. ನಡುವೆ ಎಲ್ಲಿ ಗೆರೆ ಎಂದು ಕೇಳಿದರೆ, ಆ ಬಣ್ಣದಿಂದ ಕೋಳಿಗೆ ಏನು ಸಿಕ್ಕಿತು ಎಂದು ಮೊದಲು ಕೇಳಿ ನೋಡಬೇಕು.

ಮೊನ್ನೆ ಚಾಚಾನ ತಾರಸಿಗೆ ಹೋದಾಗ ಒಂಟೆಯ ಹದೀಸನ್ನು ನೆನಪಿಸಿದೆವು. ಅವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು, ಅರಬಿಯಲ್ಲೇ ಹೇಳಿದರು. ಹೇಳಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅದು ಒಂಟೆಗೆ ಹೇಳಿದ್ದು ಮಿಯಾ, ಮುರ್ಗಿಗೆ ಅಲ್ಲ” ಎಂದು ನಕ್ಕರು. ಚುಕ್ಕೆಯ ಹೇಂಟೆಯನ್ನು ಮಾರಿಬಿಟ್ಟಿರಬಹುದು ಎಂದುಕೊಂಡಿದ್ದೆವು. ಮಾರಿರಲಿಲ್ಲ. ಕೆಳಗಿನ ಹಿತ್ತಲಲ್ಲಿ ಮೊಮ್ಮಗಳು ಅದಕ್ಕೆ ಬೇರೆಯೇ ಒಂದು ಗೂಡು ಮಾಡಿಕೊಟ್ಟಿದ್ದಾಳೆ. ನೂರಿ ಹೇಂಟೆಗಳು ಮೊಟ್ಟೆ ನಿಲ್ಲಿಸಿ ತಿಂಗಳಾಗಿತ್ತು. ಇದು ದಿನ ಬಿಟ್ಟು ದಿನ ಇಡುತ್ತಿದೆ ಎಂದು ಅವಳು ಮೆಟ್ಟಿಲ ಕೆಳಗಿನಿಂದಲೇ ಕೂಗಿ ಹೇಳಿದಳು. ಹೆಸರೇನಿಟ್ಟೆ ಎಂದು ಕೇಳಿದೆವು.

“ಇನ್ನೂ ಇಟ್ಟಿಲ್ಲ,” ಎಂದಳು. “ದಾದಾನ ಪಟ್ಟಿಯಲ್ಲಿ ಈ ಬಣ್ಣಕ್ಕೆ ಹೆಸರೇ ಇಲ್ಲವಂತೆ.”